ಶುಶ್ರೂಷೆಯ ಮೊದಲ ಪಾಠಗಳು
(ಮಗರಪಟ್ಟಾದಲ್ಲಿ ಕೂಡಿದ ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ನಾಡು-ನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ರೂಢಿ. ದವಾಖಾನೆಗಳಲ್ಲಿ ದುಡಿಯುವ ನಮಗೆ ಆ ವಿಷಯದಲ್ಲಿ ಪಾಂಡಿತ್ಯವಿಲ್ಲ. ಆದುದರಿಂದ ನಾವು ಬಲ್ಲ ಒಂದು ಸಂಗತಿಯನ್ನೇ ತಮ್ಮ ಮುಂದಿಡುತ್ತೇವೆ. ಶುಶ್ರೂಷೆಯ ಪದವಿಗೆ ಸೇರುವ ಮಕ್ಕಳು ಮೊದಲ ವರುಷ ಏನನ್ನು ಕಲಿಯುತ್ತಾರೆ, ಏಕೆ ಕಲಿಯುತ್ತಾರೆ ಎಂಬುದೇ ಆ ಸಂಗತಿ. ಈ ಸಭೆಗೆ ಇದು ತಕ್ಕುದೇ ಎಂದು ಕೆಲವರಿಗೆ ಅನಿಸಬಹುದು. ಮಾತು ಮುಗಿಯುವುದರೊಳಗೆ ಅದು ಕನ್ನಡಕ್ಕೇ ಬಂದು ನಿಲ್ಲುವುದನ್ನು ತಾವು ಕಾಣುವಿರಿ.

ನಾವಿಂದು ಕೂಡಿರುವ ಮಗರಪಟ್ಟಾ ಹಡಪಸರಕ್ಕೆ ಸೇರಿದ ನೆಲ. 1897ರಲ್ಲಿ ಪ್ಲೇಗು ಪುಣೆಯನ್ನು ಹಾಳುಗೆಡಹುತ್ತಿದ್ದಾಗ, ಇದೇ ಹಡಪಸರದ ಬಳಿಯ ಸಸಾಣೆ ಮಳಾದಲ್ಲಿ ಸಾವಿತ್ರಿಬಾಯಿ ಫುಲೆಯವರೂ ಅವರ ದತ್ತಪುತ್ರ ಡಾಕ್ಟರ್ ಯಶವಂತರೂ ರೋಗಿಗಳ ಆರೈಕೆಗೆ ನಿಂತರು. ನೆರೆಯ ಮುಂಢವಾದಿಂದ ಪ್ಲೇಗು ತಗುಲಿದ ಬಾಲಕನೊಬ್ಬನನ್ನು ಆ ತಾಯಿ ಬೆನ್ನ ಮೇಲೆ ಹೊತ್ತು ತಂದರೆಂದು ಇಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಆ ರೋಗ ಅವರಿಗೂ ತಗುಲಿ, 1897ರ ಮಾರ್ಚ್ 10ರಂದು ಅವರು ತೀರಿಕೊಂಡರು. ಪ್ಲೇಗಿನ ಅಣುಜೀವಿಯನ್ನು ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಕಂಡಿದ್ದನು. ಆದರೆ ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆಂದು ಸಿಮೋಂಡ್ ಎಂಬ ವೈದ್ಯನು ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ, ಎಂದರೆ ಸಾವಿತ್ರಿಬಾಯಿಯವರು ತೀರಿಕೊಂಡ ಮರುವರುಷ. ಕರುಣೆಯೂ ಧೈರ್ಯವೂ ಅವರಲ್ಲಿ ತುಂಬಿದ್ದುವು; ರೋಗ ಹರಡುವ ದಾರಿಯ ಅರಿವು ಮಾತ್ರ ಆಗ ಲೋಕಕ್ಕೇ ಇರಲಿಲ್ಲ. ಕರುಣೆಗೆ ಈ ಅರಿವನ್ನು ಜೋಡಿಸುವುದೇ ಶುಶ್ರೂಷೆಯ ಶಿಕ್ಷಣ.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಪದವಿಯ ಮಾನ ದೊರೆತದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಭಾರತೀಯ ನರ್ಸಿಂಗ್ ಕೌನ್ಸಿಲು 2021ರಲ್ಲಿ ತಿದ್ದಿ ರೂಪಿಸಿದ ಅಭ್ಯಾಸಕ್ರಮದಂತೆ ಅದು ನಾಲ್ಕು ವರುಷದ, ಎಂಟು ಸೆಮಿಸ್ಟರುಗಳ ಓದು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರಗಳು, ಜೊತೆಗೆ ನರ್ಸಿಂಗ್ ಫೌಂಡೇಶನ್. ಎರಡನೆಯದರಲ್ಲಿ ಜೀವರಸಾಯನ, ಆಹಾರಶಾಸ್ತ್ರ, ಗಣಕದ ಬಳಕೆ, ಫೌಂಡೇಶನ್ನಿನ ಮುಂದಿನ ಭಾಗ.

“ಹಾಸಿಗೆ ಹಾಸುವುದಕ್ಕೂ ಪದವಿ ಬೇಕೇ?” ಎಂದು ಕೇಳುವವರುಂಟು. ಬೇಕು, ಮಹನೀಯರೇ! ರೋಗಿಯ ಮೈ ಕೆಳಗಿನ ಚಾದರದಲ್ಲಿ ಒಂದು ಮಡಿಕೆ ಉಳಿದರೂ ಅದು ಚರ್ಮವನ್ನು ಒತ್ತುವುದು. ಬೆನ್ನ ತಳ, ಹಿಮ್ಮಡಿ, ಸೊಂಟದ ಪಕ್ಕ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರವಿರುವ ಕಡೆಗಳಲ್ಲಿ ರಕ್ತದ ಓಟ ನಿಂತು ಹಾಸಿಗೆ ಹುಣ್ಣಾಗುವುದು. ಮೂಳೆ ಎಲ್ಲಿದೆಯೆಂದು ಹೇಳಿಕೊಡುವುದು ಅಂಗರಚನಾಶಾಸ್ತ್ರ. ರಕ್ತ ಏಕೆ ನಿಂತಿತೆಂದು ತಿಳಿಸುವುದು ಶರೀರಕ್ರಿಯಾಶಾಸ್ತ್ರ. ಹೊರಳಲಾರದ ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುವ ಕೈಗೆಲಸವೇ ಫೌಂಡೇಶನ್.

ಉಸಿರನ್ನು ಎಣಿಸುವುದನ್ನೇ ನೋಡಿರಿ. ಪ್ರಾಯದವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುವರು. ಆದರೆ “ನಿಮ್ಮ ಉಸಿರನ್ನು ಎಣಿಸುತ್ತೇನೆ” ಎಂದು ಹೇಳಿದೊಡನೆ ರೋಗಿಯ ಉಸಿರಿನ ಗತಿ ಬದಲಾಗುವುದು. ಆದುದರಿಂದ ವಿದ್ಯಾರ್ಥಿನಿ ನಾಡಿ ನೋಡುತ್ತಿರುವಂತೆಯೇ ಮಣಿಕಟ್ಟನ್ನು ಹಿಡಿದುಕೊಂಡು, ಸದ್ದಿಲ್ಲದೆ ಎದೆಯ ಏರಿಳಿತವನ್ನು ಎಣಿಸಬೇಕು. ಮನಶ್ಶಾಸ್ತ್ರದ ಪಾಠ ಇಲ್ಲಿಯೇ ಮೊದಲಾಗುತ್ತದೆ. ಕೈ ತೊಳೆಯುವುದೂ ಹಾಗೆಯೇ. 1847ರಲ್ಲಿ ವಿಯೆನ್ನಾದ ಹೆರಿಗೆ ಮನೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯನು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ಕಟ್ಟಳೆ ತಂದಾಗ ಬಾಣಂತಿಯರ ಸಾವು ಬಹಳ ಇಳಿಯಿತು. ಇಂದು ಸಾಬೂನಿನಿಂದ 40ರಿಂದ 60 ಸೆಕೆಂಡು ಕ್ರಮವಾಗಿ ಕೈ ತೊಳೆಯುವುದು ಮೊದಲ ದಿನಗಳ ಪಾಠ. ಔಷಧ ಕೊಡುವ ಮುನ್ನ ಯಾರಿಗೆ, ಯಾವುದು, ಎಷ್ಟು, ಯಾವ ದಾರಿಯಿಂದ, ಯಾವಾಗ ಎಂಬ ಐದು ಮಾತುಗಳನ್ನು ಪ್ರತಿ ಸಲವೂ ಪರೀಕ್ಷಿಸುವುದು, ಮಾಡಿದ್ದನ್ನು ಒಡನೆಯೇ ಬರೆದಿಡುವುದು, ಇವೆಲ್ಲ ಜೀವ ಕಾಯುವ ಕಟ್ಟಳೆಗಳು.

ಇನ್ನು ನಮ್ಮ ಮನೆಯ ಮಾತು. ಬಿಜಾಪುರ, ಕಲಬುರ್ಗಿಗಳ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಇಲ್ಲಿ ಕಟ್ಟಡಗಳ ಮೇಲೆ ದುಡಿಯುವ ನಮ್ಮ ಜನ ದವಾಖಾನೆಗೆ ಬರುತ್ತಾರೆ. “ಹೊಟ್ಟಿ ತೊಳಸತೈತಿ” ಎಂದರೆ ವಾಂತಿ ಬರುವಂತಾಗುತ್ತಿದೆ. “ತಲಿ ಗಿರ್ ಅಂತೈತಿ” ಎಂದರೆ ತಲೆ ಸುತ್ತು. “ಎದಿ ಹಿಡದಂಗ ಆಗೇತಿ” ಎಂದರೆ ತಡಮಾಡದೆ ವೈದ್ಯರನ್ನು ಕರೆಯಬೇಕಾದ ಮಾತು. ಈ ಮೂರನ್ನೂ “ಏನೋ ನೋವಂತೆ” ಎಂದು ಬರೆದುಕೊಂಡರೆ ಅನರ್ಥವಾದೀತು. ಹೆಂಗಸರಂತೂ ಪರಭಾಷೆಯಲ್ಲಿ, ಪರಪುರುಷರೆದುರಿಗೆ, ಅರ್ಧ ಬೇನೆಯನ್ನು ನುಂಗಿಯೇ ಬಿಡುತ್ತಾರೆ. ಕನ್ನಡ ಬಲ್ಲ ಒಬ್ಬ ದಾದಿ ಹಾಸಿಗೆಯ ಬಳಿ ಬಂದು “ಏನ್ ಆಗಾಕತ್ತೈತ್ರೀ ಅವ್ವಾ?” ಎಂದು ಕೇಳಿದಾಗ ಆ ಮುಖ ಅರಳುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ಆದರೆ ಅಂಥ ದಾದಿಯಾಗಬಲ್ಲ ಹುಡುಗಿ ಹಲವು ಸಲ ಮೊದಲ ಸೆಮಿಸ್ಟರಿನಲ್ಲೇ ಸೋತುಬಿಡುತ್ತಾಳೆ. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲಿ ಓದಿ ಬಂದವಳಿಗೆ ಪಾಠ, ಪುಸ್ತಕಗಳೆಲ್ಲ ಇಂಗ್ಲಿಷು, ವಾರ್ಡಿನಲ್ಲಿ ಮರಾಠಿ. ಬುದ್ಧಿಯ ಕೊರತೆ ಅವಳಲ್ಲಿಲ್ಲ. ಗುಲ್ಮವೆಂದೂ ಮೂತ್ರಪಿಂಡವೆಂದೂ ಶಾಲೆಯಲ್ಲಿ ಕಲಿತದ್ದನ್ನೇ ಹೊಸ ಹೆಸರಿನಲ್ಲಿ ಕೇಳಿ ಗುರುತು ಹಿಡಿಯಲಾರದೆ ಕುಗ್ಗುತ್ತಾಳೆ. ಆಗ ಮನೆಯವರು, “ಬೇರೆಯವರ ಮಲಮೂತ್ರ ತೆಗೆಯುವ ಕೆಲಸ ನಮಗೇಕೆ, ಬಂದುಬಿಡು” ಎಂದುಬಿಡುತ್ತಾರೆ. ಗೆಳೆಯರೇ, ದಯವಿಟ್ಟು ಹಾಗೆನ್ನಬೇಡಿರಿ. ಮಲಮೂತ್ರದ ಬಣ್ಣ, ಅಳತೆಗಳನ್ನು ನೋಡಿಯೇ ಮೂತ್ರಪಿಂಡ ಸೋಲುತ್ತಿರುವುದನ್ನು ವೈದ್ಯರಿಗಿಂತ ಮೊದಲು ದಾದಿ ತಿಳಿಯುತ್ತಾಳೆ. ನಿಮ್ಮ ಗಂಡುಮಕ್ಕಳನ್ನೂ ಕಳಿಸಿರಿ. ಈ ವಿದ್ಯೆಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಆದರೆ ಹಣ ಕಟ್ಟುವ ಮುನ್ನ ಕಾಲೇಜಿಗೆ ಮಾನ್ಯತೆಯಿದೆಯೇ, ಕೈಕೆಲಸ ಕಲಿಯಲು ಸಾಕಷ್ಟು ರೋಗಿಗಳುಳ್ಳ ದವಾಖಾನೆ ಇದೆಯೇ ಎಂದು ವಿಚಾರಿಸಿಕೊಳ್ಳಿರಿ.

ಸಂಘದವರಲ್ಲಿ ನಮ್ಮ ವಿನಂತಿ ಎರಡೇ. ಭಾನುವಾರದ ಎರಡು ತಾಸು ಒಂದು ಕೋಣೆಯನ್ನು ನಮಗೆ ಬಿಟ್ಟುಕೊಡಿರಿ. ಮೊದಲ ವರುಷದ ಮಕ್ಕಳಿಗೆ ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ನಾವು ಸಿದ್ಧರಿದ್ದೇವೆ. ಎರಡನೆಯದು, ನಮ್ಮ ಜಿಲ್ಲೆ ಜಿಲ್ಲೆಗಳ ಜನ ಬೇನೆಯನ್ನು ಹೇಳುವ ಮಾತುಗಳನ್ನು ಕೂಡಿಸಿ, ಮರಾಠಿ ಅರ್ಥದೊಡನೆ ಒಂದು ಚಿಕ್ಕ ಪುಸ್ತಿಕೆ ಮಾಡೋಣ. ಹಿರಿಯರೆಲ್ಲ ತಮ್ಮೂರಿನ ಮಾತುಗಳನ್ನು ಬರೆದುಕೊಟ್ಟರೆ ಸಾಕು, ಮುಂದಿನ ಕೆಲಸ ನಮ್ಮದು. ಕನ್ನಡದ ಸೇವೆಯೂ ರೋಗಿಯ ಸೇವೆಯೂ ಅಲ್ಲಿ ಒಂದೇ ಆಗುವುವು.