ಹಳೆಯ ಕಾರನ್ನು ಕೊಳ್ಳುವವರಿಗೆ ನಾಲ್ಕು ಮಾತು

(ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ವಿಚಾರವನ್ನು ಕೇಳಲು ಬಂದ ತಮಗೆ ಮೋಟಾರು ಕಾರಿನ ಮಾತು ರುಚಿಸೀತೇ ಎಂಬ ಅಳುಕು ನಮಗೆ ಇಲ್ಲದಿಲ್ಲ. ಆದರೆ ಹೊರನಾಡಿನಲ್ಲಿ ಸಂಸಾರ ಹೂಡಿದ ನಮ್ಮಂಥವರು ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಒಮ್ಮೆಗೇ ಸುರಿಯುವುದು ಮನೆಗೆ, ಇಲ್ಲವೆ ವಾಹನಕ್ಕೆ. ಹೊಸ ಕಾರು ಕೈಗೆ ನಿಲುಕದವರು ಹಳೆಯದನ್ನು ಕೊಳ್ಳುವುದು ಸಹಜವೇ. ಅದು ಎರಡು ತಿಂಗಳು ಓಡಿ, ಮೂರನೆಯ ತಿಂಗಳಲ್ಲಿ ಗೇರ್‌ಬಾಕ್ಸ್ ಕೆಟ್ಟು, ರಿಪೇರಿಗೆ ಲಕ್ಷ ರೂಪಾಯಿ ಬೇಕೆಂದಾಗ ಏನು ಮಾಡತಕ್ಕದ್ದು? ಇನ್ಷೂರೆನ್ಸ್ ಇದೆಯಲ್ಲ ಎನ್ನಬಹುದು. ಸಾಮಾನ್ಯ ವಾಹನ ವಿಮೆ ಅಪಘಾತಕ್ಕೆ ಹಣ ಕೊಟ್ಟೀತೇ ಹೊರತು ಯಂತ್ರದ ಸವೆತಕ್ಕೂ ಕೆಡುಕಿಗೂ ಕೊಡುವುದಿಲ್ಲ.

"ಹಳೆಯದನ್ನು ಕೊಂಡ ಮೇಲೆ ನಮ್ಮ ಹಣೆಬರಹ" ಎಂದು ಕೈಚೆಲ್ಲುವವರೇ ಹೆಚ್ಚು. ಕಾನೂನು ಹಾಗೆನ್ನುವುದಿಲ್ಲ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಕೊಳ್ಳುವವನೇ ಎಚ್ಚರವಾಗಿರಬೇಕೆಂಬ ನಿಯಮದಿಂದಲೇ ಹೊರಟರೂ, ಅದರ ಬೆನ್ನಿಗೇ ವಿನಾಯಿತಿಗಳನ್ನು ಕೊಟ್ಟಿದೆ. ಆ ಬಗೆಯ ಸರಕಿನ ವ್ಯಾಪಾರಿಯಿಂದ ಅವನ ವಿವರಣೆಯಂತೆ ಕೊಂಡಲ್ಲಿ, ಸರಕು ಮಾರಾಟಕ್ಕೆ ತಕ್ಕ ಗುಣದ್ದಾಗಿರಬೇಕು. ಆದರೆ ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಈ ರಕ್ಷಣೆಯಿಲ್ಲ. ಸವೆದ ಟೈರನ್ನು ಕುರಿತು ಆಮೇಲೆ ದೂರುವಂತಿಲ್ಲ. ಒಳಗೆ ಅಡಗಿದ ದೋಷದ ಮಾತು ಬೇರೆ. ಹತ್ತು ವರ್ಷ ಓಡಿದ ಕಾರಿನ ಕ್ಲಚ್ಚು ಸವೆದರೆ ಅದು ವಯೋಧರ್ಮ. ಓಡಿದ ಕಿಲೋಮೀಟರುಗಳ ಲೆಕ್ಕವನ್ನು ತಿರುಚಿ ಮಾರಿದ್ದರೆ ಅದು ಮೋಸ. ಈ ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕ ನಮಗಿರಬೇಕು.

ಇನ್ನು ಗ್ರಾಹಕ ಸಂರಕ್ಷಣಾ ಕಾಯಿದೆ. 1986ರ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಂದು ಜಾರಿಗೆ ಬಂದಿತು. ಹೊರನಾಡ ಕನ್ನಡಿಗರಿಗೆ ಇದರಲ್ಲಿ ದೊಡ್ಡ ಉಪಕಾರವೊಂದಿದೆ. ಹುಬ್ಬಳ್ಳಿಯ ವ್ಯಾಪಾರಿಯಿಂದ ಕಾರು ಕೊಂಡು ಪುಣೆಗೆ ತಂದವನು ಹಿಂದೆ ಸಾಮಾನ್ಯವಾಗಿ ವ್ಯಾಪಾರಿ ಇದ್ದ ಕಡೆಗೇ, 400 ಕಿಲೋಮೀಟರಿಗೂ ದೂರ, ರಜೆ ಹಾಕಿ ಅಲೆಯಬೇಕಾಗಿದ್ದಿತು. ಈಗ ದೂರುದಾರನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ ಸಾಕು. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ದೂರಿಗೆ ಕಾರಣವೊದಗಿದ ಎರಡು ವರ್ಷಗಳೊಳಗೆ ಕೊಡಬೇಕು. ವಕೀಲರು ಇರಲೇಬೇಕೆಂಬ ಕಟ್ಟಳೆಯಿಲ್ಲ. ಹೊಟ್ಟೆಪಾಡಿಗಾಗಿ ಟ್ಯಾಕ್ಸಿಯನ್ನು ತಾನೇ ಓಡಿಸುವ ಬಡವನೂ ಈ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನೇ.

ಆದರೆ ಇಲ್ಲೊಂದು ಗುಂಡಿಯಿದೆ. ಈ ರಕ್ಷಣೆಯೆಲ್ಲ ವ್ಯಾಪಾರಿಯಿಂದ ಕೊಂಡಾಗ. ಪರಿಚಯದವರು ತಾವು ಓಡಿಸಿದ ಕಾರನ್ನೇ ಮಾರಿದರೆ ಅವರು ವ್ಯಾಪಾರಿಯಲ್ಲ. ಗ್ರಾಹಕ ಆಯೋಗದ ಬಾಗಿಲು ಸಾಮಾನ್ಯವಾಗಿ ತೆರೆಯದು. ಆಗ ಉಳಿಯುವುದು 1872ರ ಕರಾರು ಕಾಯಿದೆ, ಸಿವಿಲ್ ಕೋರ್ಟು. ಅದೂ ಬಹುಮಟ್ಟಿಗೆ ಮಾರಿದವನ ಊರಿನದು, ಇಲ್ಲವೆ ವ್ಯವಹಾರ ನಡೆದ ಊರಿನದು. ನಾವು ಎಡವುವುದು ಇಲ್ಲಿಯೇ. ಪರಸ್ಥಳದಲ್ಲಿ ಕನ್ನಡದ ಎರಡು ಮಾತು ಕಿವಿಗೆ ಬಿದ್ದರೆ ಮನಸ್ಸು ಕರಗುತ್ತದೆ. "ನಮ್ಮವರೇ ಅಲ್ಲವೆ, ಕಾಗದವೇಕೆ?" ಎನ್ನುತ್ತೇವೆ. ಕಾರು ಕೆಟ್ಟ ಮೇಲೆ ಕಾಗದವೂ ಇಲ್ಲ, ಸ್ನೇಹವೂ ಇಲ್ಲ. ಒಂದೇ ಪಂಕ್ತಿಯಲ್ಲಿ ಉಂಡವರು ಆಮೇಲೆ ಸಂಘದ ಮೆಟ್ಟಿಲಲ್ಲಿ ಮುಖ ತಿರುಗಿಸಿ ನಡೆಯುವ ಹಾಗಾಗಬಾರದು. ಕಾಗದ ಬರೆಯಿಸಿಕೊಳ್ಳುವುದು ಅಪನಂಬಿಕೆಯಲ್ಲ. ಸ್ನೇಹಕ್ಕೆ ಹಾಕಿದ ಬೇಲಿ.

ಆದುದರಿಂದ ಹಣ ಎಣಿಸುವ ಮುನ್ನ ಕೆಲವು ಕೆಲಸಗಳನ್ನು ಮಾಡತಕ್ಕದ್ದು. ನಂಬಿಕೆಯ ಮೆಕ್ಯಾನಿಕ್ಕನಿಂದ ಕಾರನ್ನು ನೋಡಿಸಿ. ಸರ್ವಿಸ್ ದಾಖಲೆಗಳನ್ನು ಮೀಟರಿನ ಅಂಕಿಗಳೊಡನೆ ತಾಳೆ ಹಾಕಿ. 2005ರ ಮುಂಬಯಿ, 2015ರ ಚೆನ್ನೈ, 2020ರ ಹೈದರಾಬಾದು ನೆರೆಗಳನ್ನು ನೆನೆಯಿರಿ. ನೀರು ಕುಡಿದ ಕಾರು ಹೊರಗೆ ಥಳಥಳಿಸಿದರೂ ಒಳಗಿನ ತಂತಿಗಳು ತಿಂಗಳುಗಳ ಮೇಲೆ ತುಕ್ಕು ಹಿಡಿಯುವುದುಂಟು. ಕಾರ್ಪೆಟ್ಟಿನ ಅಡಿಯ ಕೆಸರು, ಸೀಟಿನ ಕೆಳಗಿನ ತುಕ್ಕು, ಮುಗ್ಗಲು ವಾಸನೆ ಇವೇ ಗುರುತು. ಅಪಘಾತ, ನೆರೆ, ಓಡಿದ ದೂರ ಈ ಮೂರನ್ನೂ ಮಾರುವವನಿಂದ ಬರೆಯಿಸಿ ಸಹಿ ಪಡೆಯಿರಿ. ವ್ಯಾಪಾರಿಯಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆದವನೇ ಎಂದು ವಿಚಾರಿಸಿ. "ಇದ್ದ ಸ್ಥಿತಿಯಲ್ಲಿ" ಎಂಬ ಮಾತು ರಸೀದಿಯಲ್ಲಿದ್ದರೆ ಸಹಿಗೆ ಮುಂಚೆ ಎರಡು ಸಲ ಯೋಚಿಸಿ. ಆ ಮಾತು ಸುಳ್ಳಿಗೆ ರಕ್ಷೆಯಾಗದು. ಆದರೂ ನಿಮ್ಮ ಹಾದಿಯನ್ನು ಕಷ್ಟವಾಗಿಸೀತು.

ದೋಷ ಕಂಡ ಮೇಲೆ ಓಡಿಸುವುದನ್ನು ನಿಲ್ಲಿಸಿ. ಸಿಟ್ಟಿನಲ್ಲಿ ಬಿಚ್ಚಿಸಿ ರಿಪೇರಿ ಮಾಡಿಸಿಬಿಟ್ಟರೆ ಸಾಕ್ಷ್ಯವೇ ಅಳಿಯುತ್ತದೆ. ಕಂಪನಿಯ ಸರ್ವಿಸ್ ಕೇಂದ್ರದಿಂದ ದೋಷವೇನು, ಎಷ್ಟು ದಿನದ್ದಿರಬಹುದು, ಖರ್ಚೆಷ್ಟು ಎಂದು ಲಿಖಿತವಾಗಿ ಪಡೆದು, ಛಾಯಾಚಿತ್ರ ಸಹಿತ ಮಾರಿದವನಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟೀಸು ಕಳಿಸಿ. ಆತನಿಗೆ ಹದಿನೈದು ದಿನ ಕೊಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೂ ಹೇಳಿಕೊಳ್ಳಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಆಯೋಗ. ದೋಷದ ವಿಚಾರದಲ್ಲಿ ಪರೀಕ್ಷೆ ಅಗತ್ಯವೆನಿಸಿದರೆ ತಜ್ಞ ಪ್ರಯೋಗಾಲಯದ ವರದಿ ತರಿಸುವ ಅಧಿಕಾರ ಆಯೋಗಕ್ಕಿದೆ. ವಸ್ತುವಿನ ಪರೀಕ್ಷೆ ಬೇಕಾದಲ್ಲಿ ಐದು, ಇಲ್ಲದಲ್ಲಿ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂಬುದು ಕಾಯಿದೆಯ ಆಶಯ, ವ್ಯವಹಾರದಲ್ಲಿ ತಡವಾಗುವುದುಂಟು. ತಾಳ್ಮೆಯಿರಲಿ.

ಕೊನೆಯದಾಗಿ ನಮ್ಮದೊಂದು ಸೂಚನೆ. ಹಳೆಯ ವಾಹನದ ಕೊಡುಕೊಳುವಿಕೆಗೆ ಕನ್ನಡದಲ್ಲಿ ಒಂದು ಪುಟದ ನಮೂನೆಯನ್ನು ಸಂಘವೇ ಅಚ್ಚು ಹಾಕಿಸಿ ಕಚೇರಿಯಲ್ಲಿ ಇಡಲಿ. ಸದಸ್ಯರೊಳಗೆ ನಡೆಯುವ ವ್ಯವಹಾರಕ್ಕೂ ಅದನ್ನೇ ಬಳಸೋಣ. ಎಲ್ಲರೂ ಬರೆದುಕೊಡುವಲ್ಲಿ ಕೇಳುವುದಕ್ಕೆ ಯಾರಿಗೂ ಸಂಕೋಚವಿರದು.