ಮೈಕಿನ ಸಾಲ, ಹಾಡಿನ ಹಕ್ಕು

ಸ್ವಂತವಾಗಿ ಹಾಡು ಮಾಡ್ತೀನಿ ಅಂತ ಹೊರಟ ಹುಡುಗರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಇಎಂಐನಲ್ಲಿ ದುಬಾರಿ ಮೈಕ್ ತರೋದು. ಹಾಡು ಹೊರಗೆ ಬರೋ ಮುಂಚೆ ಬ್ಯಾಂಕಿನವರ ಫೋನ್ ಬರುತ್ತೆ!

ಇಂಜಿನಿಯರಿಂಗ್ ಓದಿದವನು ಹೇಳ್ತಿದ್ದೀನಿ, ಕೇಳಿ. ಮೈಕ್ ನಿಮ್ಮ ದನಿಯನ್ನಷ್ಟೇ ಅಲ್ಲ, ಕೋಣೆಯನ್ನೂ ಕೇಳಿಸಿಕೊಳ್ಳುತ್ತೆ. ಟೈಲ್ಸ್ ನೆಲ, ಬೋಳು ಗೋಡೆಗೆ ಬಡಿದು ವಾಪಸ್ ಬರೋ ಸದ್ದೂ ರೆಕಾರ್ಡ್ ಆಗುತ್ತೆ. ಇದಕ್ಕೆ ಮದ್ದು ಮನೆಯಲ್ಲೇ ಇದೆ: ಹಾಸಿಗೆ, ದಪ್ಪ ರಗ್ಗು, ಬಾಗಿಲು ತೆರೆದಿಟ್ಟ ಬಟ್ಟೆ ಬೀರು. ಮೊಟ್ಟೆ ಟ್ರೇ ಅಂಟಿಸಿದರೆ ಬೀದಿಯ ಹಾರ್ನ್ ನಿಲ್ಲಲ್ಲ; ಅದಕ್ಕೆ ನಡುರಾತ್ರಿಯೇ ಗತಿ.

ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರಲ್ಲಿ 'ನೆಬ್ರಾಸ್ಕಾ' ಹಾಡುಗಳನ್ನು ರೆಕಾರ್ಡ್ ಮಾಡಿದ್ದು ನ್ಯೂಜೆರ್ಸಿಯ ತಮ್ಮ ಮನೆಯ ಬೆಡ್‌ರೂಮಿನಲ್ಲಿ. ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರ, ಎರಡು ಸಾಧಾರಣ ಮೈಕ್, ಅಷ್ಟೇ. ಆಮೇಲೆ ಸ್ಟುಡಿಯೋದಲ್ಲಿ ಬ್ಯಾಂಡ್ ಜೊತೆ ಮತ್ತೆ ನುಡಿಸಿ ನೋಡಿದರು. ಕೊನೆಗೆ ಬಿಡುಗಡೆಯಾಗಿದ್ದು ಆ ಕ್ಯಾಸೆಟ್ಟೇ! ಬಿಲ್ಲೀ ಐಲಿಶ್‌ಗೆ 2020ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ತಂದಿದ್ದೂ ಅಣ್ಣನ ಬೆಡ್‌ರೂಮಿನಲ್ಲಿ ತಯಾರಾದ ಹಾಡುಗಳೇ.

ಸಾಲ ಬೇಡ ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ನಾಳೆ ಯಾವುದೋ ಆಡಿಯೋ ಕಂಪನಿ ಬಂದು 'ಪೂರ್ತಿ ಹಕ್ಕು ಬರೆದುಕೊಡಿ' ಅನ್ನುತ್ತೆ. ಕಂತಿನ ಗಡಿಬಿಡಿಯಲ್ಲಿರೋನು ಓದದೇ ಸಹಿ ಹಾಕ್ತಾನೆ. ಸಾಲವಿಲ್ಲದವನು 'ಆಗಲ್ಲ ಸಾರ್' ಅನ್ನಬಲ್ಲ.

ಮೈಕ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತೆ. ಬರೆದುಕೊಟ್ಟ ಹಾಡನ್ನು ವಾಪಸ್ ತರೋದು ಅಷ್ಟು ಸುಲಭ ಅಲ್ಲ. ಯೋಚನೆ ಮಾಡಿ.