ಹಲಗೂರಿನ ಸಾಲು, ಕಿವಿಯೊಳಗಿನ ಕಥೆ

ನೀಲಗಾರರು ತಂಬೂರಿ ಮೀಟುತ್ತಾ ಹಾಡುವ ಮಂಟೇಸ್ವಾಮಿ ಕಾವ್ಯಕ್ಕೆ ಅಧ್ಯಾಯಗಳಿಲ್ಲ, ಸಾಲುಗಳಿವೆ. ಕಲ್ಯಾಣದ ಸಾಲು ಒಂದು, ಹಲಗೂರಿನ ಪಾಂಚಾಳರ ಸಾಲು ಇನ್ನೊಂದು. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋದ ಆ ಹಲಗೂರು ಇರುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ. ಮಂಟೇಸ್ವಾಮಿ ಮಠದ ಬೊಪ್ಪೇಗೌಡನಪುರವೂ ಇಲ್ಲಿಯದೇ. ದೊಡ್ಡ ಕಥೆಯೊಂದನ್ನು ಸಾಲು ಸಾಲಾಗಿ ಬಿಡಿಸಿ ಕಿವಿಗೆ ದಾಟಿಸುವ ಕಲೆ ಈ ನೆಲಕ್ಕೆ ಹಳೆಯದು. ಪಾಡ್‌ಕಾಸ್ಟ್ ಎಂಬ ಪದ ಹುಟ್ಟಿದ್ದು 2004ರಲ್ಲಿ; ಅದೂ ಹೀಗೆಯೇ ಸಂಚಿಕೆ ಸಂಚಿಕೆಯಾಗಿ ಅಂತರ್ಜಾಲದಲ್ಲಿ ಕಿವಿಗೆ ದಾಟುವ ಕಥೆ, ಮಾತು.

ನಡುವೆ ರೇಡಿಯೋ ಬಂತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ರೇಡಿಯೋದ ಹೊತ್ತಿಗೆ ಕೇಳುಗ ಕಾಯಬೇಕಿತ್ತು. ಈಗ ಗದ್ದೆಗೆ ನೀರು ಕಟ್ಟುವಾಗಲೋ, ಮಂಡ್ಯದಲ್ಲಿ ಬೆಂಗಳೂರಿನ ರೈಲು ಹತ್ತಿದ ಮೇಲೋ, ಕಥೆಯೇ ಕೇಳುಗನಿಗಾಗಿ ಕಾಯುತ್ತದೆ.

ಯಾವುದನ್ನು ಕೇಳಬೇಕು? ಕನ್ನಡದಲ್ಲಿ ಮೊದಲು ‘ತಲೆ ಹರಟೆ’. 2018ರಲ್ಲಿ ಶುರುವಾದ ಇದರಲ್ಲಿ ಪವನ್ ಶ್ರೀನಾಥ್ ಮತ್ತು ಗೆಳೆಯರು ಇತಿಹಾಸ, ವಿಜ್ಞಾನ, ಸಮಾಜ ಎಂದು ಬಲ್ಲವರನ್ನು ಕೂರಿಸಿ ಮಾತಾಡಿಸಿದ್ದಾರೆ. ಗಹನವಾದ ವಿಷಯವನ್ನೂ ಜಗಲಿಯ ಕನ್ನಡದಲ್ಲಿ ಬಿಡಿಸಬಹುದು ಎಂದು ತೋರಿಸಿದ್ದೇ ಅದರ ದೊಡ್ಡ ಕೆಲಸ. ಇಂಗ್ಲಿಷ್ ಬಲ್ಲವರಿಗೆ ಬಿಬಿಸಿಯ ‘ಇನ್ ಅವರ್ ಟೈಮ್’ ಇದೆ. 1998ರಲ್ಲಿ ಮೆಲ್ವಿನ್ ಬ್ರ್ಯಾಗ್ ಆರಂಭಿಸಿದ ಇದರಲ್ಲಿ ಒಂದು ವಿಷಯ, ಸಾಮಾನ್ಯವಾಗಿ ಮೂವರು ವಿದ್ವಾಂಸರು, ಮುಕ್ಕಾಲು ಗಂಟೆಯ ಆಸುಪಾಸಿನ ಮಾತು.

ಸೃಜನಶೀಲತೆಯ ಗುಟ್ಟು ಬೇಕೆನ್ನುವವರು ‘ಸಾಂಗ್ ಎಕ್ಸ್‌ಪ್ಲೋಡರ್’ ಬಿಡಬಾರದು. 2014ರಲ್ಲಿ ಹೃಷಿಕೇಶ್ ಹಿರ್‌ವೇ ಶುರುಮಾಡಿದ ಈ ಮಾಲಿಕೆಯಲ್ಲಿ ಸಂಗೀತಗಾರರು ತಮ್ಮ ಹಾಡನ್ನು ತಾವೇ ಬಿಚ್ಚುತ್ತಾರೆ. ಡ್ರಮ್ ಒಂದೇ ಕೇಳಿಸುತ್ತದೆ, ಆಮೇಲೆ ಗಿಟಾರ್ ಒಂದೇ, ಆಮೇಲೆ ದನಿ ಒಂದೇ. ಕೊನೆಗೆ ಇಡೀ ಹಾಡು. ಪ್ರಶ್ನೆ ಕೇಳಿದವನ ಮಾತನ್ನು ಬಹುಮಟ್ಟಿಗೆ ಕತ್ತರಿಸಿ, ಕಲಾವಿದರ ಮಾತನ್ನು ಉಳಿಸುತ್ತಾರೆ. ಇದೇ ಬಗೆಯಲ್ಲಿ ನೀಲಗಾರರೊಬ್ಬರು ತಂಬೂರಿಯ ಶ್ರುತಿ ಬೇರೆ, ಗಗ್ಗರದ ಸದ್ದು ಬೇರೆ, ಹಿಮ್ಮೇಳದ ಸೊಲ್ಲು ಬೇರೆ ಮಾಡಿ ಕೇಳಿಸಿದರೆ ಎಷ್ಟು ಚೆನ್ನ!

ಮತ್ತೆ ಮತ್ತೆ ಕೇಳಬೇಕಾದದ್ದು, ಬಿಬಿಸಿ ಮತ್ತು ಬ್ರಿಟಿಷ್ ಮ್ಯೂಸಿಯಂ 2010ರಲ್ಲಿ ಕೂಡಿ ಮಾಡಿದ ‘ನೂರು ವಸ್ತುಗಳಲ್ಲಿ ಜಗತ್ತಿನ ಇತಿಹಾಸ’. ನೀಲ್ ಮ್ಯಾಕ್‌ಗ್ರೆಗರ್ ಒಂದೊಂದು ವಸ್ತುವಿಗೆ ಕಾಲು ಗಂಟೆಯಷ್ಟು ಕೊಡುತ್ತಾರೆ. ನೂರನೆಯದು ಬಿಸಿಲಿನಿಂದ ಉರಿಯುವ ಒಂದು ದೀಪ.

ದೀಪದ ಮಾತು ಬಂದರೆ ಮಳವಳ್ಳಿಯ ಶಿವನಸಮುದ್ರ ನೆನಪಾಗದೆ ಇರದು. 1902ರಲ್ಲಿ ಅಲ್ಲಿನ ವಿದ್ಯುತ್ತು ಹೋದದ್ದು ಮೊದಲು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಉರಿದದ್ದು 1905ರಲ್ಲಿ. ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆ ಮೀರಿ ಏರಿದ ಸ್ವಾತಂತ್ರ್ಯ ಹೋರಾಟದ ಬಾವುಟ, ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಸಕ್ಕರೆ ಕಂಪನಿ, ಇವೂ ಕಾಲು ಗಂಟೆಯ ಕಥೆಗಳೇ. ಒಂದು ಬಾವುಟ, ಒಂದು ಹಿಡಿ ಸಕ್ಕರೆ, ಒಂದು ಬಲ್ಬು, ಹಲಗೂರಿನ ಒಂದು ತುಂಡು ಕಬ್ಬಿಣ: ಜಿಲ್ಲೆಯದೇ ಇಂಥ ಮಾಲಿಕೆಗೆ ಮೊದಲ ನಾಲ್ಕು ವಸ್ತುಗಳು ಇಲ್ಲೇ ಸಿಕ್ಕವು.

ದನಿ ಹಿಡಿದಿಡುವ ಕೆಲಸಕ್ಕೆ ಮೇಲ್ಪಂಕ್ತಿಯೂ ಈ ಜಿಲ್ಲೆಯದೇ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಜನಪದ ಹಾಡುಗಳನ್ನು ಟೇಪಿಗೆ ತುಂಬಿಸಿದರು. 1994ರಲ್ಲಿ ರಾಮನಗರದ ಬಳಿ ಅವರು ಕಟ್ಟಿದ ಜನಪದ ಸಂಗ್ರಹಾಲಯ ಜಾನಪದ ಲೋಕ ಎದ್ದು ನಿಂತಿತು. ಅವರು ಹೊರಬೇಕಾಗಿದ್ದ ಟೇಪ್ ರೆಕಾರ್ಡರಿನ ಕೆಲಸವನ್ನು ಈಗ ಜೇಬಿನ ಫೋನು ಮಾಡುತ್ತದೆ. ಫ್ಯಾನು ಆರಿಸಿ, ಬಾಗಿಲು ಮುಚ್ಚಿ, ಫೋನನ್ನು ಅಜ್ಜಿಯ ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು, ಊರಿನ ನಾಲೆಗೆ ಮೊದಲ ಸಲ ನೀರು ಬಂದ ವರ್ಷ ಮನೆಯಲ್ಲಿ ಏನು ಬೆಳೆದರು ಎಂದು ಕೇಳಿದರೆ ನಮ್ಮದೇ ಪಾಡ್‌ಕಾಸ್ಟಿನ ಮೊದಲ ಸಂಚಿಕೆ ಆಯಿತು.